ಧೂಳಿಯಲ್ಲಿ ಮೂಡಿದ ಮುಖಗಳು: ಛಾಯಾಚಿತ್ರ, ಪೇಸ್ಟಲ್ ಮತ್ತು ಮಕ್ಕಳ ಭಾವಚಿತ್ರ

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂದು ವಿಂಗಡಿಸುತ್ತದೆ. ಕನ್ನಡಿಯಲ್ಲಿ ಕಂಡ ಬಿಂಬದಂತೆ ಮೂಲವನ್ನು ಹೋಲುವಂಥದು ವಿದ್ಧಚಿತ್ರ; ಒಣ ಬಣ್ಣದ ಪುಡಿಯಿಂದ ರಚಿತವಾದದ್ದು ಧೂಳಿಚಿತ್ರ. ಸೋಮೇಶ್ವರನ ಮನಸ್ಸಿನಲ್ಲಿದ್ದುದು ನೆಲದ ಮೇಲಿನ ರಂಗವಲ್ಲಿಯಂತಹ ರಚನೆಯೇ ಹೊರತು ಭಾವಚಿತ್ರವಲ್ಲ. ಈ ಎರಡು ಬಗೆಗಳು ಒಂದೇ ಹಾಳೆಯ ಮೇಲೆ ಕೂಡಿದ್ದು ಬಹುಕಾಲದ ನಂತರ, ದೂರದ ಯುರೋಪು–ಅಮೆರಿಕಗಳಲ್ಲಿ. ಅಲ್ಲಿ ಮಕ್ಕಳ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಪೇಸ್ಟಲ್ ಕಡ್ಡಿಗಳಿಂದ ಮುಖಗಳನ್ನು ಬರೆಯುವ ಕಲೆಯೊಂದು ಬೆಳೆಯಿತು. ಕಲಾಚರಿತ್ರೆಯ ಮುಖ್ಯ ಗ್ರಂಥಗಳು ಇದಕ್ಕೆ ಹೆಚ್ಚಿನ ಸ್ಥಾನವನ್ನು ಕೊಟ್ಟಿಲ್ಲ.

ಪೇಸ್ಟಲ್ ಎಂಬ ಶಬ್ದದ ಮೂಲ ಇಟಾಲಿಯನ್ನಿನ ‘ಪಾಸ್ತೆಲ್ಲೊ’. ಅದರ ಬೇರು ಕಣಕ ಎಂಬ ಅರ್ಥದ ‘ಪಾಸ್ತಾ’. ಹೆಸರು ಅನ್ವರ್ಥವಾಗಿದೆ. ವರ್ಣದ್ರವ್ಯದ ಪುಡಿಗೆ ಬಿಳಿಯ ಸುಣ್ಣಮಣ್ಣನ್ನೂ ಅತ್ಯಲ್ಪ ಅಂಟನ್ನೂ ಬೆರೆಸಿ, ಕಣಕದಂತೆ ನಾದಿ, ಕಡ್ಡಿಗಳಾಗಿ ಹೊಸೆದು ಒಣಗಿಸಲಾಗುತ್ತದೆ. ಎಣ್ಣೆಯಿಲ್ಲದ ಕಾರಣ ಎಣ್ಣೆವರ್ಣದಂತೆ ಇದು ಕಾಲಕ್ರಮದಲ್ಲಿ ಹಳದಿಗಟ್ಟುವುದಿಲ್ಲ. ಅಂಟು ತೀರ ಕಡಿಮೆಯಾದ ಕಾರಣ ಬಣ್ಣದ ಕಣಗಳು ಕಾಗದದ ಒರಟು ಮೈಮೇಲೆ ಸಡಿಲವಾಗಿ ಕುಳಿತು, ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ, ಮಖಮಲ್ಲಿನಂತಹ ಮಾರ್ದವವನ್ನು ಕೊಡುತ್ತವೆ. ಎಳೆಯ ಕೆನ್ನೆಗೆ ಈ ಮಾಧ್ಯಮ ಒಗ್ಗಿದ್ದು ಆಶ್ಚರ್ಯವಲ್ಲ. ಮುಟ್ಟಿದರೆ ಅಳಿಸಿಹೋಗುವ ಈ ಚಿತ್ರಕ್ಕೆ ಗಾಜಿನ ಹೊದಿಕೆ ಅನಿವಾರ್ಯ.

ವೆನಿಸ್ಸಿನ ರೊಸಾಲ್ಬಾ ಕರ್ರಿಯೇರಾ 1720ರಲ್ಲಿ ಪ್ಯಾರಿಸ್ಸಿಗೆ ಬಂದಾಗ, ಇನ್ನೂ ಬಾಲಕನಾಗಿದ್ದ ದೊರೆ ಹದಿನೈದನೆಯ ಲೂಯಿಯನ್ನು ಪೇಸ್ಟಲ್ಲಿನಲ್ಲಿ ಚಿತ್ರಿಸಿದಳು. ಇದಕ್ಕಿಂತ ಹೆಚ್ಚು ಮನಕಲಕುವುದು ಜಿನೀವಾದ ಲಿಯೋತಾರನು 1762ರಲ್ಲಿ ರಚಿಸಿದ ಚಿತ್ರಮಾಲೆ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಳ ಹನ್ನೊಂದು ಮಕ್ಕಳನ್ನು ಅವನು ಮುಖ್ಯವಾಗಿ ಕಪ್ಪು–ಕೆಂಪು ಕಡ್ಡಿಗಳಲ್ಲಿ ಬರೆದುಕೊಟ್ಟ. ಪ್ರಯಾಣದಲ್ಲಿಯೂ ಜೊತೆಗೊಯ್ಯುವಷ್ಟು ಈ ಹಾಳೆಗಳು ರಾಣಿಗೆ ಪ್ರಿಯವಾಗಿದ್ದವು. ಅವರಲ್ಲೊಬ್ಬಳಾದ, ಹನ್ನೆರಡು ವರ್ಷದ ಯೊಹಾನ್ನಾ ಗಾಬ್ರಿಯೇಲಾ ಅದೇ ವರ್ಷದ ಡಿಸೆಂಬರಿನಲ್ಲಿ ಸಿಡುಬಿನಿಂದ ಮರಣಹೊಂದಿದಳು. ಮಗುವಿನ ಭಾವಚಿತ್ರವೆಂಬುದು ಅಂದಿನ ತಾಯಂದಿರಿಗೆ ಅಲಂಕಾರವಾಗಿರಲಿಲ್ಲ. ಸಾವಿನೊಡನೆ ಮೊದಲೇ ಹೂಡಿದ ವ್ಯಾಜ್ಯವಾಗಿತ್ತು.

1839ರಲ್ಲಿ ದಾಗೆರನ ಛಾಯಾಗ್ರಹಣ ವಿಧಾನ ಪ್ರಕಟವಾದಾಗ ಅರಮನೆಯ ಈ ಭಾಗ್ಯ ಸಾಮಾನ್ಯರಿಗೂ ದಕ್ಕುವ ದಾರಿ ತೆರೆಯಿತು. ಆದರೆ ಮಗು ಯಂತ್ರದೆದುರು ನಿಶ್ಚಲವಾಗಿ ಕೂರುವ ವಸ್ತುವಲ್ಲ. ಆರಂಭದ ಫಲಕಗಳಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಮುಂದೆ ಅದು ಸೆಕೆಂಡುಗಳಿಗೆ ಇಳಿದರೂ ಮಕ್ಕಳ ಕೈ, ತಲೆಗಳು ಮಸುಕಾಗುವುದು ತಪ್ಪಲಿಲ್ಲ. ತಾಯಿಯೇ ಬಟ್ಟೆ ಹೊದ್ದು, ಕುರ್ಚಿಯಂತೆ ಮರೆಯಾಗಿ ಕುಳಿತು ಮಗುವನ್ನು ಹಿಡಿದುಕೊಂಡ ಛಾಯಾಚಿತ್ರಗಳು ಆ ಕಾಲದ ಸಂಗ್ರಹಗಳಲ್ಲಿ ಹೇರಳವಾಗಿವೆ. ಅಲ್ಲಾಡದೆ ಇರುತ್ತಿದ್ದುದು ಮೃತಶಿಶು ಮಾತ್ರ. ಬದುಕಿದ್ದಾಗ ಚಿತ್ರ ತೆಗೆಸದ ಎಷ್ಟೋ ಕುಟುಂಬಗಳಿಗೆ ಆ ಕೊನೆಯ ಚಿತ್ರವೇ ಮೊದಲನೆಯದೂ ಆಗಿತ್ತು.

ಅಂಗೈಗಿಂತ ಕಿರಿದಾದ ಇಂತಹ ಚಿತ್ರವನ್ನು ಗೋಡೆಯ ಮೇಲಣ ಮುಖವನ್ನಾಗಿ ಮಾಡುವುದು ಹೇಗೆ? ಬಾಲ್ಟಿಮೋರಿನ ಚಿತ್ರಕಾರ ಡೇವಿಡ್ ಅಚೆಸನ್ ವುಡ್‌ವರ್ಡ್ 1857ರಲ್ಲಿ ಪೇಟೆಂಟ್ ಪಡೆದ ಸೌರ ಕ್ಯಾಮರಾ ಇದಕ್ಕೆ ಉತ್ತರವಾಯಿತು. ಕನ್ನಡಿಯಿಂದ ಸೂರ್ಯನ ಬೆಳಕನ್ನು ಮಸೂರದೊಳಕ್ಕೆ ಹಾಯಿಸಿ, ನೆಗೆಟಿವ್‌ನ ಮೂಲಕ ದೊಡ್ಡ ಕಾಗದದ ಮೇಲೆ ಬೀಳಿಸಬೇಕು. ಸೂರ್ಯ ಸರಿದಂತೆ ಉಪಕರಣವನ್ನೂ ಹೊಂದಿಸುತ್ತಿರಬೇಕು. ಇಷ್ಟೆಲ್ಲ ಶ್ರಮದ ನಂತರ ದೊರೆಯುತ್ತಿದ್ದುದು ಬಹುಮಟ್ಟಿಗೆ ಮಂಕಾದ, ಅಂಚು ಕರಗಿದ ಒಂದು ನೆರಳು. ಆ ನೆರಳನ್ನು ಆಧಾರವಾಗಿಟ್ಟುಕೊಂಡು ಇದ್ದಿಲು, ಕ್ರೇಯಾನ್, ಪೇಸ್ಟಲ್‌ಗಳಿಂದ ಮುಖವನ್ನು ಮತ್ತೆ ಬರೆಯಬೇಕಾಗಿತ್ತು. ‘ಕ್ರೇಯಾನ್ ಭಾವಚಿತ್ರ’ ಎಂಬ ಪ್ರಕಾರ ಹೀಗೆ ಹುಟ್ಟಿತು. 1892ರ ಹೊತ್ತಿಗೆ ಜೆ. ಎ. ಬಾರ್‌ಹೈಟ್ ಎಂಬಾತ ಈ ವಿದ್ಯೆಗಾಗಿಯೇ ಕೈಪಿಡಿಯೊಂದನ್ನು ಹೊರತಂದಿದ್ದ. ಊರೂರು ತಿರುಗಿ, ಮನೆಗಳಿಂದ ಚಿಕ್ಕ ಚಿತ್ರಗಳನ್ನು ಪಡೆದು, ದೊಡ್ಡದು ಮಾಡಿಸಿಕೊಡುವ ಪ್ರತಿನಿಧಿಗಳೂ ಹುಟ್ಟಿಕೊಂಡರು. ಚಿತ್ರವನ್ನು ಅಗ್ಗಕ್ಕೆ ಕೊಟ್ಟು ಚೌಕಟ್ಟಿಗೆ ದುಬಾರಿ ಬೆಲೆ ಕೀಳುವ ವಂಚನೆಯೂ ಇದರೊಡನೆ ಬೆಳೆಯಿತು. ದುಃಖವಿರುವಲ್ಲಿ ವ್ಯಾಪಾರಿ ಬೇಗ ತಲುಪುತ್ತಾನೆ.

ಬಣ್ಣದ ವಿಷಯದಲ್ಲಿ ಸಮಸ್ಯೆ ಇನ್ನೂ ಜಟಿಲವಾಗಿತ್ತು. ಆ ಕಾಲದ ಫಲಕಗಳು ನೀಲಿಗೆ ಸ್ಪಂದಿಸಿದಂತೆ ಕೆಂಪು, ಹಳದಿಗಳಿಗೆ ಸ್ಪಂದಿಸುತ್ತಿರಲಿಲ್ಲ. ಹೀಗಾಗಿ ನೀಲಿ ಕಣ್ಣು ಬಿಳಿಚಿಕೊಳ್ಳುತ್ತಿತ್ತು, ಹೊಂಬಣ್ಣದ ಕೂದಲು ಕಪ್ಪಾಗುತ್ತಿತ್ತು, ಮುಖದ ಮೇಲಣ ಕೆಂಪು ಚುಕ್ಕೆಗಳು ಕಲೆಗಳಾಗಿ ಎದ್ದು ಕಾಣುತ್ತಿದ್ದವು. ಬಿಂಬವನ್ನು ಕೊಡುವ ಯಂತ್ರವೇ ಬಣ್ಣದ ಬಗ್ಗೆ ಸುಳ್ಳು ಹೇಳುತ್ತಿತ್ತು! ಮಗುವನ್ನು ಕಾಣದ ಚಿತ್ರಕಾರನು ಕಣ್ಣು, ಕೂದಲು, ಮೈಬಣ್ಣಗಳನ್ನು ಮನೆಯವರ ಬಾಯಿಂದಲೇ ತಿಳಿಯಬೇಕಿತ್ತು. ಮಗು ಸತ್ತಿದ್ದರೆ ಉಳಿಯುತ್ತಿದ್ದುದು ತಾಯಿಯ ನೆನಪೊಂದೇ. ರೇಖೆ ಸೂರ್ಯನದು, ಬಣ್ಣ ತಾಯಿಯದು, ಕೈ ಮೂರನೆಯ ವ್ಯಕ್ತಿಯದು. ಸೋಮೇಶ್ವರನ ಕನ್ನಡಿಯ ಲಕ್ಷಣವನ್ನು ಇಲ್ಲಿ ಅನ್ವಯಿಸುವುದು ಕಷ್ಟ. ಈ ವಿದ್ಧಚಿತ್ರದೊಳಗೆ ಕಲ್ಪನೆಯಿಂದ ಮೂಡುವ ಅವಿದ್ಧಚಿತ್ರವೂ ಸೇರಿಕೊಂಡಿದೆ.

ವಿಮರ್ಶಕರು ಇಂತಹ ಕೃತಿಗಳನ್ನು ಕೀಳಾಗಿ ಕಂಡದ್ದುಂಟು. ಛಾಯಾಗ್ರಹಣವು ಕಲೆಯ ಸೇವಕನಾಗಿರಬೇಕೇ ಹೊರತು ಅದರ ಸ್ಥಾನಕ್ಕೆ ಬರಬಾರದೆಂದು ಬೋದಿಲೇರ್ 1859ರಲ್ಲಿಯೇ ವಾದಿಸಿದ್ದ. ಮಾರ್ಕ್ ಟ್ವೇನ್ ‘ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ, ಸತ್ತವರ ಕುರಿತು ಪದ್ಯ ಹೊಸೆಯುತ್ತ ಶೋಕದ ಕ್ರೇಯಾನ್ ಚಿತ್ರಗಳನ್ನು ಬರೆದಿಟ್ಟು ತಾನೂ ತೀರಿಕೊಂಡ ಎಮೆಲಿನ್ ಎಂಬ ಹುಡುಗಿಯ ಮೂಲಕ ಆ ಕಾಲದ ಶೋಕಾಭಿರುಚಿಯನ್ನೇ ಗೇಲಿ ಮಾಡಿದ. ಗೇಲಿ ನ್ಯಾಯವಾದದ್ದೇ, ಅತಿಭಾವುಕತೆ ಅಲ್ಲಿ ಧಾರಾಳವಾಗಿತ್ತು. ಆದರೂ ಲಿಂಕನ್ನನ ಮನೆಯ ಉದಾಹರಣೆ ಬೇರೊಂದು ಮಾತನ್ನು ಹೇಳುತ್ತದೆ. ಅವನ ಮಗ ವಿಲ್ಲಿ 1862ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಇಡೀ ಕುಟುಂಬ ಒಟ್ಟಿಗೆ ಕುಳಿತ ಛಾಯಾಚಿತ್ರವೇ ಇರಲಿಲ್ಲ. 1865ರಲ್ಲಿ ಲಿಂಕನ್ನನ ಹತ್ಯೆಯಾದ ಬಳಿಕ ಫ್ರಾನ್ಸಿಸ್ ಕಾರ್ಪೆಂಟರ್ ಬಿಡಿಬಿಡಿ ಛಾಯಾಚಿತ್ರಗಳನ್ನು ಆಧರಿಸಿ ತಂದೆ, ತಾಯಿ, ಮಕ್ಕಳನ್ನು ಒಂದೇ ಮೇಜಿನ ಸುತ್ತ ಕೂಡಿಸಿದ. ಅದು ಪೇಸ್ಟಲ್ಲಲ್ಲ, ಎಣ್ಣೆವರ್ಣ. ಆದರೆ ಹಂಬಲ ಅದೇ. ಛಾಯಾಚಿತ್ರಕ್ಕೆ ಸಾಧ್ಯವಾಗದ ಸಮಾಗಮವನ್ನು ಕುಂಚ ಸಾಧಿಸಿತು.

ಬ್ರೋಮೈಡ್ ಕಾಗದ ಬಂದ ಮೇಲೆ ಕೃತಕ ಬೆಳಕಿನಲ್ಲಿಯೇ ದೊಡ್ಡ ಪ್ರತಿಗಳು ಸಿದ್ಧವಾಗತೊಡಗಿದವು. 1888ರ ಕೊಡಕ್ ಕ್ಯಾಮರಾ ಛಾಯಾಗ್ರಹಣವನ್ನು ಮನೆಯವರ ಕೈಗೇ ಕೊಟ್ಟಿತು. ಕ್ರೇಯಾನ್ ಭಾವಚಿತ್ರದ ಕಸುಬು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಷೀಣಿಸಿತು.

ಉಳಿದ ಚಿತ್ರಗಳ ಸ್ಥಿತಿ ಇಂದು ವಿಚಿತ್ರವಾಗಿದೆ. ಕೆಳಗಿನ ಛಾಯಾಚಿತ್ರ ಅನೇಕ ಕಡೆ ಮಾಸಿಹೋಗಿದೆ. ಆಮ್ಲೀಯ ಹಲಗೆಗೆ ಅಂಟಿಸಿದ ಕಾಗದ ಪುಡಿಯಾಗುತ್ತಿದೆ. ಕಣ್ಣಿನ ಅಂಚು, ತುಟಿ, ಕೆನ್ನೆಯ ಕೆಂಪುಗಳಲ್ಲಿ ಚಿತ್ರಕಾರನು ಮೇಲೆ ಹಚ್ಚಿದ ಪುಡಿ ಮಾತ್ರ ಗಾಜಿನ ಹಿಂದೆ ನಿಂತಿದೆ. ಬಿಂಬ ಹೋಗಿ ಧೂಳಿ ಉಳಿದಿದೆ. ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲಿ ಇಂತಹ ಎಷ್ಟೋ ಮುಖಗಳಿಗೆ ಬರೆದವನ ಹೆಸರೂ ಇಲ್ಲ, ಮಗುವಿನ ಹೆಸರೂ ಇಲ್ಲ.