ಮದುವೆ ಗಂಡಿನ ಕಾಂಚನ್ ವಾಚು: ಮಾರುವ ಮುಂಚೆ, ಕೊಳ್ಳುವ ಮುಂಚೆ

ನಂಜನಗೂಡು, ತಿ. ನರಸೀಪುರ ಕಡೆಯ ಹಳೇ ಮದುವೆ ಫೋಟೊಗಳಲ್ಲಿ ಗಂಡಿನ ಕೈ ನೋಡಿ. ಚಿನ್ನದ ಬಣ್ಣದ ದಪ್ಪ ವಾಚು ಕಂಡರೆ ಅದು ಎಚ್‌ಎಂಟಿ ಕಾಂಚನ್ ಇರಬಹುದು. ವರೋಪಚಾರಕ್ಕೆ ಸೂಟು, ಉಂಗುರದ ಜೊತೆ ವಾಚನ್ನೂ ಕೇಳುತ್ತಿದ್ದ ಕಾಲ ಅದು. ಕಾಂಚನ್‌ಗೆ ‘ವರದಕ್ಷಿಣೆ ವಾಚು’ ಅನ್ನೋ ಅಡ್ಡಹೆಸರೇ ಬಿದ್ದಿತ್ತು. ಅದಕ್ಕಾಗಿ ಹೆಣ್ಣಿನ ಅಪ್ಪ ಮಾಡಿದ ಸಾಲ ಮಾತ್ರ ಫೋಟೊದಲ್ಲಿ ಕಾಣಲ್ಲ.

ಈಗ ಆ ವಾಚು ಟ್ರಂಕಿನ ತಳದಲ್ಲಿ ನಿಂತುಹೋಗಿದೆ. ಕೆಟ್ಟಿದೆ ಅಂತ ಸಿಕ್ಕಿದ ಬೆಲೆಗೆ ಕೊಡುವವರಿದ್ದಾರೆ. ಅದನ್ನೇ ಫೋನಿನಲ್ಲಿ ಹುಡುಕಿ ಕೊಳ್ಳುವವರೂ ಇದ್ದಾರೆ. ಇಬ್ಬರೂ ಮೋಸ ಹೋಗಬಹುದು. ಹಾಗಾಗಿ ಒಂದಿಷ್ಟು ಚರಿತ್ರೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರು ಮಾಡಿತು. 1978ರಲ್ಲಿ ತುಮಕೂರಿನಲ್ಲೂ ಒಂದು ಬಂತು. ಎಲ್ಲರಿಗೂ ಗೊತ್ತಿದ್ದ ಜನತಾ ವಾಚಿಗೆ ದಿನಾ ಕೀ ಕೊಡಬೇಕಿತ್ತು. ಆಟೋಮ್ಯಾಟಿಕ್‌ಗೆ ಆ ಕೆಲಸ ಇಲ್ಲ. ಒಳಗೆ ಅರ್ಧಚಂದ್ರದಂಥ ಒಂದು ತೂಕ ಇರುತ್ತದೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಸೆಲ್ ಬೇಡ. ಕಟ್ಟದೆ ಇಟ್ಟರೆ ಎರಡು ದಿನದೊಳಗೆ ತಾನಾಗೇ ನಿಲ್ಲುತ್ತದೆ, ಅದು ಕೆಟ್ಟಿದ್ದಲ್ಲ. ಆಮೇಲೆ ಸೆಲ್ ವಾಚುಗಳು ಬಂದವು, ಟೈಟಾನ್ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಬೆಲೆ ಏರಿದ್ದಕ್ಕೆ ಅದೂ ಒಂದು ಕಾರಣ.

ಈಗ ಗುರುತಿಗೆ ಬರೋಣ. ಹೆಸರು ನೋಡಿ ಮೋಸಹೋಗಬೇಡಿ. ಸೋನಾ ಅಂದರೂ ಚಿನ್ನ, ಕಾಂಚನ್ ಅಂದರೂ ಚಿನ್ನ. ಆದರೆ ತೆಳ್ಳಗಿನ ಸೋನಾಗೆ ಕೀ ಕೊಡಬೇಕು, ಆಟೋಮ್ಯಾಟಿಕ್ ಇರುವುದು ಕಾಂಚನ್. ಬೆಳ್ಳಿ ಬಣ್ಣದ ರಜತ್ ಕೂಡ ಆಟೋಮ್ಯಾಟಿಕ್ಕೇ. ಕಾಂಚನ್ ಡಯಲ್ ಮೇಲೆ ‘ಆಟೋಮ್ಯಾಟಿಕ್’, ‘21 ಜ್ಯುವೆಲ್ಸ್’ ಎಂದು ಇಂಗ್ಲಿಷಿನಲ್ಲಿರುತ್ತದೆ, ವಾರ ಮತ್ತು ತಾರೀಕಿನ ಕಿಂಡಿಯೂ ಇರುತ್ತದೆ. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಓಲಾಡಿಸಿದರೆ ತೂಕ ತಿರುಗುವ ಸದ್ದು ಕೇಳಬೇಕು. ಜೋರಾಗಿ ಕುಲುಕಬೇಡಿ. ಒಳಗಿನ ಎಣ್ಣೆ ಒಣಗಿದ್ದರೆ ಚಕ್ರಗಳು ಸವೆಯುತ್ತವೆ.

ಡಯಲ್ ಹೊಸದರಂತೆ ಫಳಫಳ ಅಂದರೆ ನಮಗೆ ಅನುಮಾನ. ಹಳೇ ಡಯಲ್‌ಗೆ ಬಣ್ಣ ಬಳಿದು, ನಾಲ್ಕು ವಾಚಿನ ಸಾಮಾನು ಸೇರಿಸಿ ಒಂದು ಮಾಡಿ ಮಾರುವುದು ದೊಡ್ಡ ವ್ಯಾಪಾರವೇ ಆಗಿದೆ. ಅಕ್ಷರ ಹರಡಿದೆಯಾ, ಗೆರೆಗಳು ಸೊಟ್ಟಗಿವೆಯಾ ನೋಡಿ. ಕೊಳ್ಳುವುದಾದರೆ ಹಿಂದಿನ ಮುಚ್ಚಳ ಬಿಚ್ಚಿದ ಫೋಟೊ ಕೇಳಿ: ಮಿಷನ್ ಮೇಲೆ ಎಚ್‌ಎಂಟಿ ಹೆಸರಿರಬೇಕು, ಜ್ಯುವೆಲ್ ಲೆಕ್ಕ ಡಯಲ್‌ಗೆ ತಾಳೆಯಾಗಬೇಕು. ಫೋಟೊ ಕಳಿಸದವರಿಗೆ ದುಡ್ಡೂ ಕಳಿಸಬೇಡಿ.

ಮನೆಯದೇ ಆಗಿದ್ದರೆ ಮೊದಲು ವಾಚು ರಿಪೇರಿಯವರಿಂದ ಸರ್ವಿಸ್ ಮಾಡಿಸಿ. ಹಳೇ ಪಳಗಿದ ಕೈಗಳು ಕಡಿಮೆಯಾಗುತ್ತಿವೆ. ಡಯಲ್‌ಗೆ ಹೊಸ ಬಣ್ಣ ಹಾಕಿಕೊಡ್ತೀನಿ ಅಂದರೆ ಬೇಡ ಅನ್ನಿ.