ಡ್ರಮ್ಮಿಗೆ ದಂಡ ಸರಿ, ನಲ್ಲಿ ಎಲ್ಲಿ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕ ಜಾಗಕ್ಕೆ ದಂಡ ನಿಗದಿ ಮಾಡಿತು. ನಗರದಲ್ಲಿ ಮನೆಗೆ 400 ರೂಪಾಯಿ, ವ್ಯಾಪಾರದ ಜಾಗಕ್ಕೆ 1,000, ಕಟ್ಟಡ ಕಾಮಗಾರಿಗೆ 2,000. ಆ 1,000ದ ಪಟ್ಟಿಯಲ್ಲಿ ಎಳನೀರು ಮಾರೋರು, ಪಂಕ್ಚರ್ ಅಂಗಡಿ, ನರ್ಸರಿ ಇದ್ದಾರೆ. ಮಾಲ್, ಕಾರ್ಖಾನೆಗಳೂ ಅದೇ ಪಟ್ಟಿಯಲ್ಲಿವೆ. ಎಲ್ಲರಿಗೂ ಒಂದೇ ರೇಟು! ಮಾಲ್‌ನವರಿಗೆ ಅದು ಲೆಕ್ಕಕ್ಕೇ ಇಲ್ಲ. ಗಾಡಿಯವನಿಗೆ ಅದು ಮನೆಯ ರೇಷನ್ನು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಸ್ವಲ್ಪ ಇತಿಹಾಸ ನೋಡಬೇಕು.

ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯ ಮೂಲ ಆಫ್ರಿಕಾ. ಅದು ಅಮೆರಿಕ ಖಂಡಕ್ಕೆ ಹೋಗಿದ್ದು ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಲ್ಲಿ, ಕುಡಿಯೋ ನೀರಿನ ಪೀಪಾಯಿಗಳ ಒಳಗೆ. ಮನುಷ್ಯರನ್ನು ಸರಕಿನ ಹಾಗೆ ತುಂಬಿದ ಹಡಗೇ ಸೊಳ್ಳೆಗೂ ವಾಹನವಾಯಿತು.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. 1883ರಲ್ಲಿ ರೊನಾಲ್ಡ್ ರಾಸ್ ಇಲ್ಲಿ ಸೇನೆಯ ವೈದ್ಯರಾಗಿದ್ದರು. ಬಂಗಲೆ ತುಂಬಾ ಸೊಳ್ಳೆ. ಕಿಟಕಿ ಕೆಳಗಿದ್ದ ತೊಟ್ಟಿಯಲ್ಲಿ ಮರಿಗಳು ಕಂಡವು, ನೀರು ಚೆಲ್ಲಿಸಿದರು, ಕಾಟ ಕಡಿಮೆಯಾಯಿತು. ಮೆಸ್ಸಿನಲ್ಲೂ ಹಾಗೇ ಮಾಡೋಣ ಅಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. ದೊಡ್ಡವರ ತೊಟ್ಟಿಯನ್ನು ಚೆಲ್ಲಿಸೋದು ಅವತ್ತೂ ಕಷ್ಟವೇ ಇತ್ತು.

ಆಮೇಲೆ ಪನಾಮಾ. 1904ರಲ್ಲಿ ಅಮೆರಿಕದವರು ಅಲ್ಲಿ ಕಾಲುವೆ ಕೆಲಸ ಶುರು ಮಾಡಿದಾಗ ಹಳದಿ ಜ್ವರ ಜನರನ್ನು ಕೊಲ್ಲುತ್ತಿತ್ತು. ಅದನ್ನು ಹರಡುವುದೂ ಇದೇ ಈಡಿಸ್. ವೈದ್ಯಾಧಿಕಾರಿ ವಿಲಿಯಂ ಗೋರ್ಗಾಸ್ ಮನೆಮನೆ ತಪಾಸಣೆ ಮಾಡಿಸಿದರು. ಜೊತೆಗೆ ಇನ್ನೊಂದು ಕೆಲಸವೂ ಆಯಿತು. 1905ರಲ್ಲಿ ಪನಾಮಾ ನಗರಕ್ಕೆ ಕೊಳಾಯಿ ನೀರು ಬಂತು. ಕೊಳಾಯಿ ಬಂದ ಮೇಲೆ ಪೀಪಾಯಿ ಯಾಕೆ ಬೇಕು? ಅದೇ ವರ್ಷದ ಕೊನೆಗೆ ಆ ನಗರದಲ್ಲಿ ಹಳದಿ ಜ್ವರ ನಿಂತೇ ಹೋಯಿತು. ಆದರೆ ಅಲ್ಲೂ ತಾರತಮ್ಯ ತಪ್ಪಲಿಲ್ಲ. ಬಿಳಿಯರ ಮನೆಗಳ ಕಿಟಕಿಗೆ ಸೊಳ್ಳೆ ಪರದೆ ಬಂತು. ಹೆಚ್ಚು ಸತ್ತದ್ದು ವೆಸ್ಟ್ ಇಂಡೀಸ್‌ನಿಂದ ಬಂದ ಕಪ್ಪು ಕಾರ್ಮಿಕರು.

ಈಗ ನಮ್ಮ ವಿಷಯಕ್ಕೆ ಬನ್ನಿ. ನೀರು ಕೂಡಿಡೋರು ಯಾರು? ಬೇಕಾದಾಗ ನೀರು ಸಿಗದೇ ಇರೋರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ್ದು ಯಾಕೆ? ನಮ್ಮ ಜನ ಬಾವಿ ಹತ್ತಿರ ದೂರ ನಿಂತು, ಯಾರಾದರೂ ಕೊಡಕ್ಕೆ ಹುಯ್ಯಲಿ ಅಂತ ಕಾಯಬೇಕಿತ್ತು. ಅಷ್ಟು ಕಾದು ತಂದ ನೀರನ್ನು ಯಾರು ತಾನೇ ಚೆಲ್ಲುತ್ತಾರೆ? ಇವತ್ತು ಜಾಗ ಬದಲಾಗಿದೆ, ಅಷ್ಟೇ. ಫುಟ್‌ಪಾತ್ ಮೇಲಿನ ಟೀ ಗಾಡಿಗೆ ನಲ್ಲಿ ಇಲ್ಲ, ಡ್ರಮ್ಮು ಇದೆ. ಹೂವಿನವರ ಹತ್ತಿರ ಬಕೆಟ್ಟು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಮುಳುಗಿಸೋಕೆ ಬಾನಿ.

ಹಾಗಂತ ನಮ್ಮ ಅಂಗಡಿಯಲ್ಲಿ ಸೊಳ್ಳೆ ಹುಟ್ಟಲ್ಲ ಅಂತ ವಾದ ಮಾಡೋಕೆ ನಾನು ಬಂದಿಲ್ಲ. ಹುಟ್ಟುತ್ತೆ. ಹಳೇ ಟೈರಿನೊಳಗೆ ನಿಂತ ಮಳೆನೀರು ಬಗ್ಗಿಸಿದರೂ ಪೂರ್ತಿ ಹೋಗಲ್ಲ. 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಏಷ್ಯಾದ ಹುಲಿ ಸೊಳ್ಳೆ ನೆಲೆ ನಿಂತಿದ್ದು ಕಂಡುಬಂತು. ಅದು ಹೋಗಿದ್ದು ಹಳೇ ಟೈರುಗಳ ಆಮದಿನ ಜೊತೆಗೆ. ಎಳನೀರು ಬುರುಡೆಯಲ್ಲಿ ಒಂದು ಲೋಟ ನೀರು ನಿಂತರೂ ಈಡಿಸ್‌ಗೆ ಸಾಕು. ಮೊಟ್ಟೆ ಸೊಳ್ಳೆಯಾಗೋಕೆ ಸುಮಾರು ಎಂಟು-ಹತ್ತು ದಿನ. ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ಆ ಸೊಳ್ಳೆ ದೂರ ಹಾರಲ್ಲ. ಮೊದಲು ಕಚ್ಚೋದು ಅಲ್ಲೇ ಕೂತಿರೋ ನಮ್ಮವರನ್ನ, ಗಾಡಿ ಪಕ್ಕ ಮಲಗಿಸಿದ ನಮ್ಮ ಮಕ್ಕಳನ್ನ, ಆ ಬುರುಡೆ ಎತ್ತೋ ಪೌರಕಾರ್ಮಿಕರನ್ನ.

ಅದಕ್ಕೇ ಮೊದಲ ಮಾತು ನಮ್ಮವರಿಗೆ. ವಾರಕ್ಕೊಂದು ದಿನ ಡ್ರಮ್ಮು, ಬಾನಿ, ಬಕೆಟ್ಟು ಖಾಲಿ ಮಾಡಿ, ಬರೀ ತೊಳೆದರೆ ಸಾಲದು, ಉಜ್ಜಿ. ಟೈರನ್ನು ಸೂರಿನ ಕೆಳಗೆ ಇಡಿ. ಬುರುಡೆಯನ್ನು ಬೋರಲು ಹಾಕಿ.

ಎರಡನೇ ಮಾತು ಆಳುವವರಿಗೆ. ವ್ಯಾಪಾರ ನಡೆಯೋ ಬೀದಿಗೊಂದು ನಲ್ಲಿ ಕೊಡಿ. ಬುರುಡೆ, ಹಳೇ ಟೈರು ಒಯ್ಯೋಕೆ ವಾರಕ್ಕೊಮ್ಮೆ ಗಾಡಿ ಕಳಿಸಿ. ಕ್ಯೂರಿಂಗ್ ನೀರು, ಲಿಫ್ಟ್ ಗುಂಡಿ ನೀರು ವಾರಗಟ್ಟಲೆ ನಿಲ್ಲಿಸೋ ಬಿಲ್ಡರ್‌ಗೆ 2,000 ಯಾವ ಲೆಕ್ಕ? ದಂಡ ಹಾಕೋದಾದರೆ ಆದಾಯ ನೋಡಿ ಹಾಕಿ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಅವರಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ಪ್ರಾತಿನಿಧ್ಯ ಕೊಡಬೇಕು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು, ಕೇಳಿ. ಮುಂದಿನ ಸಭೆಯಲ್ಲಿ ಮೊದಲ ಬೇಡಿಕೆಯಾಗಿ ನಲ್ಲಿಯನ್ನೇ ಬರೆಸಿ.

ಜೈ ಭೀಮ್.