ಚಲನಚಿತ್ರದಲ್ಲಿ ಧ್ವನಿವಿನ್ಯಾಸ: ಕಲಿಕೆಯ ಚಾರಿತ್ರಿಕ ಅವಲೋಕನ

ಭಾರತೀಯ ಚಲನಚಿತ್ರದ ಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ನಿರ್ದೇಶಕ, ನಟ, ಕಥೆ ಮತ್ತು ಗೀತೆಗಳಿಗೆ ದೊರೆತ ಸ್ಥಾನ ಧ್ವನಿಗೆ ದೊರೆತಿಲ್ಲ. ಚಿತ್ರಗೀತೆಗಳನ್ನು ಕುರಿತು ವಿಪುಲವಾದ ಸಾಹಿತ್ಯವಿದೆ. ಆದರೆ ಸಂಭಾಷಣೆ, ಪರಿಸರದ ಸದ್ದು, ನಿಶ್ಶಬ್ದ ಇವುಗಳನ್ನು ಹಿಡಿದು, ಆಯ್ದು, ಜೋಡಿಸಿದವರ ಹೆಸರು ‘ಶಬ್ದಗ್ರಹಣ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಕೆಲಸವನ್ನು ಅವರು ಎಲ್ಲಿ, ಯಾರಿಂದ, ಹೇಗೆ ಕಲಿತರು ಎಂಬ ಪ್ರಶ್ನೆ ಚರ್ಚೆಗೆ ಬರುವುದು ಅಪರೂಪ. ಇದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಒಂದು ಭಾಷೆಯ ಚಿತ್ರಗಳಲ್ಲಿ ಆ ಭಾಷೆಯ ಜನರ ಮಾತು ಯಾವ ರೂಪದಲ್ಲಿ ಉಳಿಯಿತು, ಯಾವುದು ಉಳಿಯದೆ ಹೋಯಿತು ಎಂಬುದಕ್ಕೂ ಧ್ವನಿಯ ಕೆಲಸವನ್ನು ಕಲಿಸಿದ ಬಗೆಗೂ ನಿಕಟವಾದ ಸಂಬಂಧವಿದೆ.

ಧ್ವನಿಗ್ರಹಣ ಮತ್ತು ಧ್ವನಿವಿನ್ಯಾಸ ಇವೆರಡನ್ನೂ ಇಲ್ಲಿ ಬೇರ್ಪಡಿಸಿ ನೋಡುವುದು ಅಗತ್ಯ. ಮೈಕ್ರೋಫೋನಿನ ಮುಂದೆ ಹುಟ್ಟಿದ ಸದ್ದನ್ನು ಸ್ಪಷ್ಟವಾಗಿ ದಾಖಲಿಸುವುದು ಧ್ವನಿಗ್ರಹಣ. ಚಿತ್ರದ ಯಾವ ಕ್ಷಣದಲ್ಲಿ ಯಾವ ಸದ್ದು ಕೇಳಬೇಕು, ಯಾವುದು ಕೇಳಬಾರದು, ಮಾತು, ಪರಿಸರ ಮತ್ತು ಸಂಗೀತ ಪರಸ್ಪರ ಯಾವ ಪ್ರಮಾಣದಲ್ಲಿ ಇರಬೇಕು ಎಂದು ಮೊದಲಿನಿಂದ ಕೊನೆಯವರೆಗೆ ಯೋಜಿಸುವುದು ಧ್ವನಿವಿನ್ಯಾಸ. ಮೊದಲನೆಯದಕ್ಕೆ ಯಂತ್ರಜ್ಞಾನ ಬೇಕು. ಎರಡನೆಯದಕ್ಕೆ ಅದರೊಡನೆ ಆಲಿಸುವ ಶಿಕ್ಷಣವೂ ಬೇಕು. ಭಾರತದಲ್ಲಿ ಮೊದಲನೆಯದಕ್ಕೆ ತರಗತಿಗಳು ಬೇಗನೆ ಆರಂಭವಾದವು. ಎರಡನೆಯದು ಬಹುಕಾಲ ಪಠ್ಯಕ್ರಮದ ಅಂಚಿನಲ್ಲೇ ಉಳಿಯಿತು.

ವಾಕ್ಚಿತ್ರದ ಆರಂಭ: ಕಲಿಕೆಯ ಮೊದಲ ಮಾದರಿ

೧೯೩೧ರ ಮಾರ್ಚ್ ೧೪ರಂದು ಮುಂಬಯಿಯಲ್ಲಿ ತೆರೆಕಂಡ ‘ಆಲಂ ಆರಾ’ ಭಾರತದ ಮೊದಲ ವಾಕ್ಚಿತ್ರ. ಅದರ ನಿರ್ಮಾಪಕ ಅರ್ದೇಶಿರ್ ಇರಾನಿ ಅವರು ಟನಾರ್ ಎಂಬ ಧ್ವನಿಗ್ರಹಣ ಯಂತ್ರವನ್ನು ತರಿಸಿದಾಗ ಅದನ್ನು ಜೋಡಿಸಿಕೊಡಲು ಬಂದವರು ವಿಲ್ಫರ್ಡ್ ಡೆಮಿಂಗ್ ಎಂಬ ಅಮೆರಿಕದ ತಂತ್ರಜ್ಞರು. ಅವರ ದಿನದ ಸಂಭಾವನೆ ನೂರು ರೂಪಾಯಿ. ಅಷ್ಟು ಹಣವನ್ನು ಬಹುಕಾಲ ತೆರುವುದು ಸಾಧ್ಯವಾಗದೆ ಇರಾನಿಯವರು ಡೆಮಿಂಗ್ ಅವರಿಂದ ಯಂತ್ರದ ಮೂಲಪಾಠಗಳನ್ನು ಕಲಿತು, ತಾವೇ ಧ್ವನಿಗ್ರಹಣಕ್ಕೆ ನಿಂತರು. ಭಾರತೀಯ ಚಿತ್ರರಂಗದಲ್ಲಿ ಧ್ವನಿಯ ಮೊದಲ ಪಾಠ ಹೀಗೆ ನಡೆಯಿತು. ಅದಕ್ಕೆ ಪಠ್ಯವಿರಲಿಲ್ಲ, ಅವಧಿ ಅಲ್ಪವಾಗಿತ್ತು, ಗುರಿ ಯಂತ್ರವನ್ನು ನಡೆಸುವುದಷ್ಟೇ ಆಗಿತ್ತು.

ಸದ್ದಿನ ಇನ್ನೊಂದು ಪಾಠವನ್ನು ಪರಿಸರವೇ ಕಲಿಸಿತು. ಸ್ಟುಡಿಯೋ ರೈಲುಹಳಿಯ ಸಮೀಪದಲ್ಲಿತ್ತು, ಧ್ವನಿನಿರೋಧಕ ಗೋಡೆಗಳಿರಲಿಲ್ಲ. ಆದುದರಿಂದ ರೈಲುಗಳ ಓಡಾಟ ನಿಂತ ರಾತ್ರಿಯ ಹೊತ್ತಿನಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಮೈಕ್ರೋಫೋನನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಅಡಗಿಸಿಡಬೇಕಾಗಿತ್ತು. ಹೊರಗಿನ ಸದ್ದು ಎಂದರೆ ಶತ್ರು, ಅದನ್ನು ದೂರವಿಡುವುದೇ ಧ್ವನಿಗ್ರಾಹಕನ ಕರ್ತವ್ಯ ಎಂಬ ಭಾವನೆ ಈ ಕಾಲದಲ್ಲಿ ಬೇರೂರಿತು. ಆ ಕಾಲದ ಯಂತ್ರಗಳ ಮಿತಿಯಲ್ಲಿ ಇದು ಅನಿವಾರ್ಯವಾಗಿತ್ತು. ಯಂತ್ರಗಳು ಸುಧಾರಿಸಿದ ಮೇಲೂ ಆ ಭಾವನೆ ಉಳಿದುಬಂದುದು ಗಮನಾರ್ಹ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದುದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆರಂಭದ ಕನ್ನಡ ಚಿತ್ರಗಳ ನಟರು ವೃತ್ತಿರಂಗಭೂಮಿಯಿಂದ ಬಂದವರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಮಾತನಾಡುವ, ಹಾಡುವ ಕಲೆಯನ್ನು ಅವರು ಕಂಪನಿಗಳಲ್ಲಿ ಕರಗತ ಮಾಡಿಕೊಂಡಿದ್ದರು. ಆದರೆ ಆ ಧ್ವನಿಯನ್ನು ಹಿಡಿಯುವ ಸೌಕರ್ಯಕ್ಕಾಗಿ ನಿರ್ಮಾಪಕರು ಕನ್ನಡನಾಡಿನ ಹೊರಗೆ ಹೋಗಬೇಕಾಯಿತು. ಕನ್ನಡ ಚಿತ್ರಗಳ ಬಹುಪಾಲು ತಾಂತ್ರಿಕ ಕೆಲಸ ಮುಂದೆಯೂ ದೀರ್ಘಕಾಲ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯಿತು.

೧೯೩೫ರಲ್ಲಿ ಕಲ್ಕತ್ತದ ನ್ಯೂ ಥಿಯೇಟರ್ಸ್ ಸಂಸ್ಥೆ ಬಂಗಾಳಿಯ ‘ಭಾಗ್ಯಚಕ್ರ’ ಮತ್ತು ಅದರ ಹಿಂದಿ ರೂಪವಾದ ‘ಧೂಪ್ ಛಾಂವ್’ಗಳಲ್ಲಿ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದಿತು. ನಿರ್ದೇಶಕ ನಿತಿನ್ ಬೋಸ್ ಅವರೊಡನೆ ಆ ಸಂಸ್ಥೆಯ ಧ್ವನಿಗ್ರಾಹಕ ಮುಕುಲ್ ಬೋಸ್ ಅವರ ಪಾತ್ರವೂ ಅದರಲ್ಲಿತ್ತು. ಕಾಣುವ ದೇಹದಿಂದ ಕೇಳುವ ಧ್ವನಿಯನ್ನು ಬೇರ್ಪಡಿಸಬಹುದೆಂಬುದು ಇದರಿಂದ ಸಿದ್ಧವಾಯಿತು. ಹಾಡಿಗೆ ಅನ್ವಯಿಸಿದ ಈ ಉಪಾಯ ಕಾಲಾಂತರದಲ್ಲಿ ಮಾತಿಗೂ ಅನ್ವಯಿಸಿತು.

ತರಗತಿಯೊಳಗೆ ಬಂದ ಧ್ವನಿ

ಧ್ವನಿಗ್ರಹಣವನ್ನು ಕ್ರಮಬದ್ಧವಾಗಿ ಬೋಧಿಸುವ ಪ್ರಯತ್ನದಲ್ಲಿ ಮೈಸೂರು ಸಂಸ್ಥಾನ ಮುಂಚೂಣಿಯಲ್ಲಿತ್ತು. ೧೯೪೦ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಶಿಕ್ಷಣ ಆರಂಭವಾಯಿತು. ಮುಂದೆ ಎಸ್.ಜೆ. ಪಾಲಿಟೆಕ್ನಿಕ್ ಎಂದು ಹೆಸರಾದ ಈ ಸಂಸ್ಥೆಯಿಂದ ೧೯೪೬ರಲ್ಲಿ ಹೊರಬಂದ ವಿ.ಕೆ. ಮೂರ್ತಿ ಅವರು ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾಗಿ ಖ್ಯಾತರಾದರು. ೧೯೬೨ರಲ್ಲಿ ಗೋವಿಂದ ನಿಹಲಾನಿ ಅವರು ಅಲ್ಲಿಯೇ ಛಾಯಾಗ್ರಹಣದ ಶಿಕ್ಷಣ ಮುಗಿಸಿದರು. ಈ ವಿಭಾಗವೇ ಮುಂದೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ ರೂಪುಗೊಂಡಿತು. ಮದರಾಸಿನ ಸೆಂಟ್ರಲ್ ಪಾಲಿಟೆಕ್ನಿಕ್‌ನಲ್ಲಿಯೂ ೧೯೪೫ರಲ್ಲಿ ಇದೇ ಬಗೆಯ ವಿಭಾಗ ಆರಂಭವಾಯಿತು.

ಈ ಎರಡೂ ವಿಭಾಗಗಳು ಪಾಲಿಟೆಕ್ನಿಕ್ ವ್ಯವಸ್ಥೆಯೊಳಗೆ ಬೆಳೆದವು ಎಂಬುದು ಆಕಸ್ಮಿಕವಲ್ಲ. ಧ್ವನಿಗ್ರಹಣವನ್ನು ಆಗ ವಿದ್ಯುತ್ ಹಾಗೂ ರೇಡಿಯೋ ತಂತ್ರಜ್ಞಾನದ ಶಾಖೆಯೆಂದು ಭಾವಿಸಲಾಗಿತ್ತು. ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಮೂಡುವ ಆಪ್ಟಿಕಲ್ ಧ್ವನಿಯ ಕಾಲದಲ್ಲಿ ಈ ಭಾವನೆಗೆ ಆಧಾರವಿತ್ತು. ಸಂಸ್ಕರಣೆಯಲ್ಲಿ ಆದ ಸಣ್ಣ ತಪ್ಪೂ ಮಾತನ್ನು ಕೆಡಿಸುತ್ತಿತ್ತು. ಕೆಟ್ಟಿದೆಯೆಂಬುದು ಫಿಲ್ಮು ಪ್ರಯೋಗಾಲಯದಿಂದ ಬಂದ ಮೇಲಷ್ಟೇ ತಿಳಿಯುತ್ತಿತ್ತು. ಹೀಗಾಗಿ ವಿದ್ಯಾರ್ಥಿ ಯಂತ್ರವನ್ನು ಅರಿತವನಾಗಿರುವುದು ಅತ್ಯಗತ್ಯವಾಗಿತ್ತು. ಸದ್ದಿನ ಅರ್ಥವನ್ನು ಕುರಿತ ಕಲಿಕೆ ಸ್ಟುಡಿಯೋದ ಮಿಶ್ರಣ ಕೊಠಡಿಯಲ್ಲಿ, ಹಿರಿಯರ ಪಕ್ಕದಲ್ಲಿ ಕುಳಿತು ನಡೆಯುತ್ತಿತ್ತು. ಮುಂಬಯಿಯ ರಾಜಕಮಲ್ ಕಲಾಮಂದಿರದ ಮಂಗೇಶ್ ದೇಸಾಯಿ ಅವರ ಮರುಧ್ವನಿಮುದ್ರಣದ ನೈಪುಣ್ಯಕ್ಕೆ ಸಿಕ್ಕ ಮನ್ನಣೆ ಈ ಗುರುಶಿಷ್ಯ ಪದ್ಧತಿಯ ಶಕ್ತಿಗೆ ನಿದರ್ಶನ. ಆ ಪದ್ಧತಿಯ ಮಿತಿಯೂ ಸ್ಪಷ್ಟವಾಗಿದೆ: ಗುರು ತೀರಿಕೊಂಡರೆ ಬರೆದಿಡದ ವಿದ್ಯೆಯೂ ಅವರೊಡನೆ ಹೋಗುತ್ತದೆ.

ಎಸ್.ಕೆ. ಪಾಟೀಲರ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ ೧೯೫೧ರಲ್ಲಿ ಸಲ್ಲಿಸಿದ ವರದಿಯ ಶಿಫಾರಸುಗಳ ಫಲವಾಗಿ ೧೯೬೦ರಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಇಲ್ಲಿ ಧ್ವನಿಯ ವಿದ್ಯಾರ್ಥಿ ನಿರ್ದೇಶನ, ಛಾಯಾಗ್ರಹಣ ಮತ್ತು ಸಂಕಲನದ ವಿದ್ಯಾರ್ಥಿಗಳೊಡನೆ ಕೂಡಿ ಚಿತ್ರಗಳನ್ನು ತಯಾರಿಸತೊಡಗಿದ. ೧೯೬೦ರ ದಶಕದ ಮಧ್ಯಭಾಗದಲ್ಲಿ ಋತ್ವಿಕ್ ಘಟಕ್ ಅವರು ಕೆಲಕಾಲ ಇಲ್ಲಿ ಬೋಧಿಸಿದರು. ಅವರ ‘ಮೇಘೇ ಢಾಕಾ ತಾರಾ’ (೧೯೬೦) ಚಿತ್ರದಲ್ಲಿ ನಾಯಕಿಯ ವೇದನೆಯ ಕ್ಷಣಗಳಲ್ಲಿ ಚಾಟಿಯೇಟಿನ ಸದ್ದು ಕೇಳಿಬರುತ್ತದೆ. ತೆರೆಯ ಮೇಲೆ ಚಾಟಿ ಇಲ್ಲ; ಹೊಡೆಯುವವರೂ ಇಲ್ಲ. ಸದ್ದು ದೃಶ್ಯದ ನೆರಳಾಗದೆ ಸ್ವತಂತ್ರವಾದ ಅರ್ಥವನ್ನು ಹೊರಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ದುರ್ಲಭ.

ಬೆಂಗಳೂರಿನ ಪಾಲಿಟೆಕ್ನಿಕ್ ಮತ್ತು ಪುಣೆಯ ಸಂಸ್ಥೆ, ಈ ಎರಡು ಧಾರೆಗಳೂ ಒಂದೇ ಚಿತ್ರದಲ್ಲಿ ಕೂಡಿದ ಉದಾಹರಣೆ ಶ್ಯಾಮ್ ಬೆನೆಗಲ್ ಅವರ ‘ಜುನೂನ್’ (೧೯೭೮). ಅದರ ಛಾಯಾಗ್ರಹಣಕ್ಕೆ ನಿಹಲಾನಿ ಅವರಿಗೂ, ಧ್ವನಿಗ್ರಹಣಕ್ಕೆ ಪುಣೆಯಲ್ಲಿ ಕಲಿತ ಹಿತೇಂದ್ರ ಘೋಷ್ ಅವರಿಗೂ ರಾಷ್ಟ್ರೀಯ ಪ್ರಶಸ್ತಿಗಳು ಸಂದವು.

ಡಬ್ಬಿಂಗ್ ಪದ್ಧತಿ ಮತ್ತು ಆಲಿಕೆಯ ಹಿನ್ನಡೆ

ಹೊಸ ಪೀಳಿಗೆ ತರಗತಿಗಳಿಂದ ಹೊರಬರುತ್ತಿದ್ದ ಕಾಲದಲ್ಲೇ ಚಿತ್ರೋದ್ಯಮ ವಿರುದ್ಧ ದಿಕ್ಕಿನಲ್ಲಿ ಸಾಗಿತ್ತು. ಹಗುರವಾದ ಆರಿಫ್ಲೆಕ್ಸ್ ಕ್ಯಾಮೆರಾಗಳು ಚಿತ್ರೀಕರಣವನ್ನು ಸ್ಟುಡಿಯೋದಿಂದ ಹೊರಾಂಗಣಕ್ಕೆ ಒಯ್ದವು. ಆದರೆ ಅವುಗಳ ಓಟದ ಸದ್ದು ಮಾತಿನ ಮೇಲೆ ಬೀಳುತ್ತಿತ್ತು. ಸ್ಥಳದಲ್ಲಿ ಹಿಡಿದ ಧ್ವನಿಯನ್ನು ಕೇವಲ ಗುರುತಿಗಾಗಿ ಇಟ್ಟುಕೊಂಡು, ಸಂಭಾಷಣೆಯನ್ನೆಲ್ಲ ಡಬ್ಬಿಂಗ್ ಕೊಠಡಿಯಲ್ಲಿ ಮತ್ತೆ ಹೇಳಿಸುವ ಪದ್ಧತಿ ದಕ್ಷಿಣದ ಚಿತ್ರರಂಗದಲ್ಲಿ ಬಲವಾಗಿ ನೆಲೆಗೊಂಡಿತು. ಚಿತ್ರೀಕರಣ ಬೇಗ ಮುಗಿಯುತ್ತಿತ್ತು. ಕನ್ನಡ ಬಾರದ ನಟರಿಗೆ ಬೇರೆಯವರಿಂದ ಕಂಠದಾನ ಮಾಡಿಸಬಹುದಾಗಿತ್ತು. ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧ ದಶಕಗಳ ಕಾಲ ದೃಢವಾಗಿ ನಿಂತ ಕನ್ನಡ ಚಿತ್ರರಂಗ, ತನ್ನ ಸ್ವಂತ ಚಿತ್ರಗಳ ಸಂಭಾಷಣೆಯನ್ನು ಡಬ್ಬಿಂಗ್ ಮೂಲಕವೇ ಸಿದ್ಧಪಡಿಸುತ್ತಿತ್ತು ಎಂಬುದು ಚರಿತ್ರೆಯ ಒಂದು ವೈಚಿತ್ರ್ಯ.

ಇದರ ಪರಿಣಾಮ ಕಲಿಕೆಯ ಮೇಲಾಯಿತು. ಸ್ಥಳದಲ್ಲಿ ಮೈಕ್ರೋಫೋನನ್ನು ಎಲ್ಲಿ ಹಿಡಿಯಬೇಕು, ಗಾಳಿಯನ್ನು ಹೇಗೆ ತಡೆಯಬೇಕು, ಮಾತು ನಿಂತ ಮೇಲೂ ಉಳಿಯುವ ಆ ಜಾಗದ ಮೌನವನ್ನು ಹೇಗೆ ಪ್ರತ್ಯೇಕವಾಗಿ ದಾಖಲಿಸಬೇಕು ಎಂಬ ವಿದ್ಯೆ ಸಂಸ್ಥೆಯಲ್ಲಿ ಕಲಿತವನಿಗೂ ವೃತ್ತಿಯಲ್ಲಿ ಅಷ್ಟಾಗಿ ಬಳಕೆಗೆ ಬರಲಿಲ್ಲ. ಭಾಷೆಗಾದ ನಷ್ಟ ಇನ್ನೂ ದೊಡ್ಡದು. ಕೊಠಡಿಯೊಳಗೆ, ತೆರೆಯ ತುಟಿಚಲನೆಯನ್ನು ನೋಡುತ್ತ ಹೇಳಿದ ಮಾತು ಶುದ್ಧವಾಗಿರುತ್ತದೆ, ಸ್ಪಷ್ಟವಾಗಿರುತ್ತದೆ. ಆದರೆ ಹೊಲದಲ್ಲಿ ದೂರದವರನ್ನು ಕೂಗಿ ಕರೆಯುವ ರಾಗ, ಜಗಲಿಯ ಮೇಲಿನ ಗೊಣಗು, ಅರ್ಧಕ್ಕೆ ನುಂಗಿದ ಪದ ಅದರಲ್ಲಿ ಉಳಿಯುವುದು ಕಷ್ಟ. ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರಗಳ ಆಡುನುಡಿಗಳು ಚಿತ್ರಗಳಲ್ಲಿ ಬಹುಮಟ್ಟಿಗೆ ಹಾಸ್ಯಪಾತ್ರಗಳ ಅನುಕರಣೆಯಾಗಿ ಕಾಣಿಸಿಕೊಂಡುದಕ್ಕೆ ಬರವಣಿಗೆಯೊಡನೆ ಈ ಕಾರ್ಯಪದ್ಧತಿಯೂ ಒಂದು ಕಾರಣ.

ವಿನ್ಯಾಸದ ಪರಿಕಲ್ಪನೆ ಮತ್ತು ಸ್ಥಳಧ್ವನಿಯ ಪುನರಾಗಮನ

‘ಅಪೊಕ್ಯಾಲಿಪ್ಸ್ ನೌ’ (೧೯೭೯) ಚಿತ್ರದಲ್ಲಿ ವಾಲ್ಟರ್ ಮರ್ಚ್ ಅವರು ಮಾಡಿದ ಕೆಲಸದ ತರುವಾಯ ‘ಸೌಂಡ್ ಡಿಸೈನ್’ ಎಂಬ ಪದ ಅಮೆರಿಕದಲ್ಲಿ ವ್ಯಾಪಕವಾಗಿ ರೂಢಿಗೆ ಬಂದಿತು. ಸಂಕಲನ, ಪರಿಣಾಮಧ್ವನಿ ಮತ್ತು ಮಿಶ್ರಣವನ್ನು ಒಬ್ಬನೇ ವ್ಯಕ್ತಿ ಸಮಗ್ರವಾಗಿ ಯೋಜಿಸುವುದು ಇದರ ತಿರುಳು. ಗಣಕಯಂತ್ರದಲ್ಲಿ ಧ್ವನಿಸಂಕಲನ ಸಾಧ್ಯವಾದ ಮೇಲೆ ಭಾರತದಲ್ಲಿಯೂ ಈ ಪರಿಕಲ್ಪನೆ ಪ್ರಚಾರಕ್ಕೆ ಬಂದಿತು. ೧೯೯೫ರಲ್ಲಿ ಕಲ್ಕತ್ತದಲ್ಲಿ ಸತ್ಯಜಿತ್ ರಾಯ್ ಹೆಸರಿನ ಸಂಸ್ಥೆ ಸ್ಥಾಪನೆಯಾಗಿ ಶಿಕ್ಷಣದ ಅವಕಾಶ ವಿಸ್ತರಿಸಿತು. ೨೦೦೧ರ ‘ಲಗಾನ್’ ಚಿತ್ರದಲ್ಲಿ ನಕುಲ್ ಕಾಮ್ಟೆ ಅವರು ಕಚ್ಛ್‌ನ ಬಯಲಿನಲ್ಲಿ, ನೂರಾರು ಜನರ ನಡುವೆ, ಸಿಂಕ್ ಸೌಂಡ್ ಎಂದು ಕರೆಯಲಾಗುವ ಸ್ಥಳಧ್ವನಿಯನ್ನು ಹಿಡಿದರು. ಪುಣೆಯಲ್ಲಿ ಕಲಿತ ರೆಸೂಲ್ ಪೂಕುಟ್ಟಿ ಅವರು ‘ಸ್ಲಂಡಾಗ್ ಮಿಲಿಯನೇರ್’ ಚಿತ್ರದ ಧ್ವನಿಮಿಶ್ರಣಕ್ಕಾಗಿ ೨೦೦೯ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಆಸ್ಕರ್ ಪಡೆದರು.

ಕನ್ನಡದಲ್ಲಿ ಈ ಬದಲಾವಣೆಯ ಮುಖ್ಯ ಹೆಗ್ಗುರುತು ರಾಮ್ ರೆಡ್ಡಿ ಅವರ ‘ತಿಥಿ’ (೨೦೧೫). ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ವೃತ್ತಿಪರರಲ್ಲದ ಊರ ಜನರನ್ನೇ ಪಾತ್ರಧಾರಿಗಳನ್ನಾಗಿಸಿಕೊಂಡ ಈ ಚಿತ್ರದ ಮಾತು ಸ್ಥಳದಲ್ಲಿಯೇ ದಾಖಲಾದುದು. ಅದರ ಧ್ವನಿವಿನ್ಯಾಸ ನಿತಿನ್ ಲೂಕೋಸ್ ಅವರದು. ಅಂಥ ಜನರನ್ನು ಡಬ್ಬಿಂಗ್ ಕೊಠಡಿಗೆ ಕರೆತಂದು ಅದೇ ಮಾತನ್ನು ಅದೇ ಲಯದಲ್ಲಿ ಮತ್ತೆ ಹೇಳಿಸುವುದು ಕಷ್ಟಸಾಧ್ಯ. ಆದುದರಿಂದ ‘ತಿಥಿ’ ಒಂದು ಕಲಾಕೃತಿಯಾಗಿರುವಂತೆಯೇ ಆ ಭಾಗದ ಕನ್ನಡದ ಒಂದು ದಾಖಲೆಯೂ ಆಗಿದೆ.

ಮನ್ನಣೆಯ ಪ್ರಶ್ನೆ

೨೦೦೯ರ ಚಿತ್ರಗಳಿಂದ ಆರಂಭಿಸಿ ರಾಷ್ಟ್ರೀಯ ಪ್ರಶಸ್ತಿಯ ಧ್ವನಿವಿಭಾಗವನ್ನು ಸ್ಥಳಧ್ವನಿಗ್ರಹಣ, ಧ್ವನಿವಿನ್ಯಾಸ ಮತ್ತು ಅಂತಿಮ ಮಿಶ್ರಣ ಎಂದು ಮೂರಾಗಿ ವಿಂಗಡಿಸಲಾಯಿತು. ೨೦೨೨ರ ಜುಲೈ ತಿಂಗಳಲ್ಲಿ ಪ್ರಕಟವಾದ ೬೮ನೆಯ ಪ್ರಶಸ್ತಿಗಳಲ್ಲಿ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಸ್ಥಳಧ್ವನಿಗ್ರಹಣದ ಗೌರವ ಸಂದಿತು. ಆ ಚಿತ್ರ ಸಿಂಕ್ ಸೌಂಡ್‌ನದಲ್ಲ, ಡಬ್ ಆದುದು ಎಂದು ಅದರ ಧ್ವನಿವಿನ್ಯಾಸಕರಾದ ಲೂಕೋಸ್ ಅವರೇ ಬಹಿರಂಗವಾಗಿ ತಿಳಿಸಿದರು. ಪೂಕುಟ್ಟಿ ಅವರೂ ಇದನ್ನು ಎತ್ತಿ ಹೇಳಿದರು. ೨೦೨೪ರಲ್ಲಿ ಮೂರು ಉಪವಿಭಾಗಗಳನ್ನು ಕೈಬಿಟ್ಟು ‘ಅತ್ಯುತ್ತಮ ಧ್ವನಿವಿನ್ಯಾಸ’ ಎಂಬ ಒಂದೇ ಪ್ರಶಸ್ತಿಯನ್ನು ಉಳಿಸಲಾಯಿತು. ವಿನ್ಯಾಸಕನಿಗೆ ಇದರಿಂದ ಗೌರವ ಹೆಚ್ಚಿತು. ಆದರೆ ಬಿಸಿಲಿನಲ್ಲಿ ಬೂಮ್ ಕೋಲು ಹಿಡಿದು ನಿಲ್ಲುವ ಸ್ಥಳಧ್ವನಿಗ್ರಾಹಕನ ಕೆಲಸ ಪ್ರತ್ಯೇಕವಾದ ಹೆಸರನ್ನು ಕಳೆದುಕೊಂಡಿತು.

ಈ ಪ್ರಸಂಗದಿಂದ ವ್ಯಕ್ತವಾಗುವ ಸಂಗತಿ ವ್ಯಕ್ತಿಗಳಿಗೆ ಸೀಮಿತವಾದುದಲ್ಲ. ಸ್ಥಳದಲ್ಲಿ ಹುಟ್ಟಿದ ಮಾತಿಗೂ ಕೊಠಡಿಯಲ್ಲಿ ಮರುಹುಟ್ಟು ಪಡೆದ ಮಾತಿಗೂ ಇರುವ ಅಂತರವನ್ನು ಕಿವಿಯಿಂದ ಗುರುತಿಸುವುದು ಕಲಿತು ಬರಬೇಕಾದ ವಿದ್ಯೆ. ಧ್ವನಿಶಿಕ್ಷಣ ಎಂದರೆ ಯಂತ್ರಶಿಕ್ಷಣ ಎಂದು ಬಗೆದ ಪರಂಪರೆಯಲ್ಲಿ ತಂತ್ರಜ್ಞರಂತೆ ವಿಮರ್ಶಕರಿಗೂ ಪ್ರೇಕ್ಷಕರಿಗೂ ಆ ವಿದ್ಯೆ ಸುಲಭವಾಗಿ ದಕ್ಕಲಿಲ್ಲ.

ಒಟ್ಟಿನಲ್ಲಿ, ಭಾರತದಲ್ಲಿ ಚಲನಚಿತ್ರ ಧ್ವನಿಯ ಕಲಿಕೆ ಸ್ಟುಡಿಯೋದ ಅಭ್ಯಾಸ, ಪಾಲಿಟೆಕ್ನಿಕ್‌ನ ಯಂತ್ರಪಾಠ, ಚಿತ್ರಶಾಲೆಯ ಸಮಗ್ರ ಶಿಕ್ಷಣ ಎಂಬ ಮೂರು ಘಟ್ಟಗಳಲ್ಲಿ ಬೆಳೆದುಬಂದಿದೆ. ಇವುಗಳಲ್ಲಿ ಎರಡನೆಯ ಘಟ್ಟದ ಆರಂಭದಲ್ಲಿ ಕನ್ನಡನಾಡು ಮುಂದಿತ್ತು. ಆ ಪರಂಪರೆಗೆ ಆಲಿಸುವ ಶಿಕ್ಷಣವನ್ನೂ, ನಾಡಿನ ವಿವಿಧ ಆಡುನುಡಿಗಳನ್ನು ಸ್ಥಳದಲ್ಲಿಯೇ ದಾಖಲಿಸುವ ಅಭ್ಯಾಸವನ್ನೂ ಸೇರಿಸಬೇಕಾದ ಅಗತ್ಯವಿದೆ. ಅದರೊಡನೆ, ಹಳೆಯ ಧ್ವನಿಗ್ರಾಹಕರ ಅನುಭವಕಥನ, ಕೆಲಸದ ಟಿಪ್ಪಣಿ ಮತ್ತು ಉಳಿದಿರುವ ಟೇಪುಗಳ ಸಂಗ್ರಹಕಾರ್ಯವನ್ನು ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕೈಗೊಳ್ಳುವುದು ಅವಶ್ಯಕ. ಕನ್ನಡ ಚಿತ್ರಗಳ ಕಥೆಗಳು ಮುದ್ರಣದಲ್ಲಾದರೂ ಉಳಿದಾವು. ಅವು ಹೇಗೆ ಕೇಳಿಸಿದವು, ಹಾಗೆ ಕೇಳಿಸುವಂತೆ ಮಾಡಿದವರು ಯಾರು ಎಂಬುದು ದಾಖಲಾಗದಿದ್ದರೆ ಉಳಿಯಲಾರದು.